ಒಡೆಯನಿಲ್ಲದ ಊರು

ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಜಶಾಸನಗಳನ್ನೂ ಸಂಧಿಪತ್ರಗಳನ್ನೂ ಮುಂದಿಟ್ಟುಕೊಂಡು ಕುಳಿತುಕೊಳ್ಳುವರು. ದೊಡ್ಡ ರಾಜ್ಯಗಳ ವೃತ್ತಾಂತಕ್ಕೆ ಅವು ತಕ್ಕ ಸಾಧನಗಳೇ ಅಹುದು. ಆದರೆ ಮೂವರು ದುಡಿಮೆಗಾರರು ಸಹಿ ಮಾಡಿದ ಒಂದು ಕರಾರುಪತ್ರದಿಂದ ಒಂದು ಊರಿನ ಚರಿತ್ರೆಯೆಲ್ಲವೂ ಹೊರಟ ಉದಾಹರಣೆಯು ಲೋಕದಲ್ಲಿ ಬಲು ವಿರಳ. ಅಂಥದೊಂದು ಪತ್ರವು ೧೮೧೭ನೆಯ ಇಸವಿ ನವೆಂಬರ್ ೭ನೆಯ ತಾರೀಖಿನಲ್ಲಿ, ದಕ್ಷಿಣ ಅಟ್ಲಾಂಟಿಕ್ ಮಹಾಸಾಗರದ ನಟ್ಟನಡುವಿರುವ ಟ್ರಿಸ್ಟನ್ ಡ ಕುನ್ಹಾ ಎಂಬ ದ್ವೀಪದಲ್ಲಿ ಬರೆಯಲ್ಪಟ್ಟಿತು. ಅದರಿಂದ ಹುಟ್ಟಿದ ಊರು ಇಂದಿಗೂ ಉಳಿದುಕೊಂಡಿದೆ. ಆ ಊರನ್ನು ಬಿಟ್ಟು ಹೋಗಿರೆಂದು ಹೊರಗಿನವರು ಅಲ್ಲಿಯ ಜನರಿಗೆ ಹಲವು ಸಲ ಬುದ್ಧಿ ಹೇಳಿದರು. ಒಮ್ಮೆ ಬೆಂಕಿಯ ಬೆಟ್ಟವೇ ಅವರನ್ನು ಹೊರದೂಡಿತು. ಆದರೂ ಅವರು ತಿರುಗಿ ಬಂದರು. ಏಕೆ ಬಂದರೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಆ ಸ್ಥಳದ ಸ್ವರೂಪವನ್ನು ತಿಳಿಯಬೇಕು. ಜನವಸತಿಯುಳ್ಳ ಭೂಮಿಗಳಲ್ಲಿ ಈ ದ್ವೀಪಕ್ಕೆ ಹತ್ತಿರವಾದುದು ಸೇಂಟ್ ಹೆಲೆನಾ. ಅದೂ ಸುಮಾರು ೧೫೦೦ ಮೈಲು ದೂರ. ಆಫ್ರಿಕೆಯ ದಕ್ಷಿಣ ತುದಿಯ ಕೇಪ್‌ಟೌನ್ ಪಟ್ಟಣವು ೧೭೦೦ ಮೈಲುಗಳಿಗೂ ಆಚೆಗಿದೆ. ದ್ವೀಪವೆಂದರೆ ಸಮುದ್ರತಳದಿಂದ ಮೇಲೆದ್ದ ಒಂದು ಜ್ವಾಲಾಮುಖಿ ಪರ್ವತವೇ. ಅದರ ವಿಸ್ತಾರ ೩೮ ಚದರ ಮೈಲು. ಶಿಖರದ ಎತ್ತರ ೬೭೬೦ ಅಡಿಗಳಿಗೂ ಮಿಗಿಲು. ಚಳಿಗಾಲದಲ್ಲಿ ಶಿಖರದ ಮೇಲೆ ಹಿಮ ಬೀಳುವುದು. ಸುತ್ತಲೂ ಸುಮಾರು ಎರಡು ಸಾವಿರ ಅಡಿಗಳ ಕಡಿದಾದ ಬಂಡೆಗೋಡೆಗಳು ನೇರವಾಗಿ ಕಡಲಿಗೆ ಇಳಿದಿವೆ. ವಾಯವ್ಯ ಭಾಗದಲ್ಲಿ ಮಾತ್ರ ಬೆಟ್ಟದ ಬುಡದಲ್ಲಿ ಒಂದು ಇಕ್ಕಟ್ಟಾದ ಬಯಲುಂಟು. ಊರು ಇರುವುದು ಅಲ್ಲಿಯೇ. ೧೮೬೭ರಲ್ಲಿ ವಿಕ್ಟೋರಿಯಾ ರಾಣಿಯ ಮಗನಾದ ಎಡಿನ್‌ಬರೊ ಡ್ಯೂಕನು ಭೆಟ್ಟಿಕೊಟ್ಟುದರಿಂದ ಅದಕ್ಕೆ ಸಪ್ತಸಾಗರಗಳ ಎಡಿನ್‌ಬರೊ ಎಂಬ ದೊಡ್ಡ ಹೆಸರು ಬಂದಿತು. ಊರವರು ಮಾತ್ರ ಅದನ್ನು ಬರಿದೆ 'ವಸತಿ' ಎಂಬರ್ಥದ ಮಾತಿನಿಂದ ಕರೆಯುವರು. ಬೇರೊಂದು ಊರು ಅಲ್ಲಿ ಇಲ್ಲದಿರುವಾಗ ಹೆಸರಿನ ಅಗತ್ಯವಾದರೂ ಏನು?

ದ್ವೀಪಕ್ಕೆ ಈ ಹೆಸರು ಬಂದುದು ೧೫೦೬ರಲ್ಲಿ ಅದನ್ನು ದೂರದಿಂದ ಕಂಡ ಟ್ರಿಸ್ಟಾವ್ ಡ ಕುನ್ಹಾ ಎಂಬ ಪೋರ್ತುಗೀಜ ನೌಕಾಧಿಪತಿಯಿಂದ. ಅವನು ಇಂಡಿಯಾದ ಕಡೆಗೆ ಹೊರಟಿದ್ದನು. ಅವನ ನೌಕಾಸಮೂಹದ ಒಂದು ಭಾಗಕ್ಕೆ ಅಫೋನ್ಸೊ ಡ ಅಲ್ಬುಕರ್ಕನು ನಾಯಕನಾಗಿದ್ದನು. ಮುಂದೆ ೧೫೧೦ರಲ್ಲಿ ಹೊನ್ನಾವರದ ತಿಮ್ಮಯ್ಯನ ಸಹಾಯದಿಂದ ಗೋವೆಯನ್ನು ಗೆದ್ದ ಅಲ್ಬುಕರ್ಕನು ಇವನೇ. ನಮ್ಮ ಪಶ್ಚಿಮ ಕರಾವಳಿಯ ಭವಿತವ್ಯವನ್ನು ಬದಲಿಸಿದ ಯಾತ್ರೆಯಲ್ಲಿಯೇ ಈ ಒಂಟಿ ದ್ವೀಪವೂ ಯೂರೋಪಿಯನ್ನರ ಕಣ್ಣಿಗೆ ಬಿದ್ದಿತೆಂಬುದು ಗಮನಾರ್ಹವಾದ ಸಂಗತಿ. ಕುನ್ಹಾ ಅಲ್ಲಿ ಇಳಿಯಲಾಗಲಿಲ್ಲ. ಮುಂದಿನ ಮುನ್ನೂರು ವರ್ಷಗಳವರೆಗೂ ಯಾರೊಬ್ಬರೂ ಅಲ್ಲಿ ನೆಲೆಯೂರಲಿಲ್ಲ.

ನೆಲೆಯೂರಲು ಪ್ರಯತ್ನಿಸಿದವರಲ್ಲಿ ಮೊದಲಿಗನು ಒಡೆತನದ ಆಸೆಯಿಂದಲೇ ಬಂದನು. ಅಮೇರಿಕೆಯ ಸೇಲಂ ಪಟ್ಟಣದ ಜೊನಾಥನ್ ಲ್ಯಾಂಬರ್ಟನು ೧೮೧೧ರಲ್ಲಿ ಈ ದ್ವೀಪಗಳಿಗೆಲ್ಲ ತಾನೇ ಪ್ರಭುವೆಂದು ಘೋಷಿಸಿದನು. ಪ್ರಜೆಗಳೆಂದರೆ ಅವನೊಡನೆ ಬಂದ ಒಬ್ಬಿಬ್ಬರು. ಮರುವರ್ಷವೇ ಅವನು ಸಮುದ್ರದ ಪಾಲಾದನು; ಅವನ ರಾಜ್ಯವೂ ಅವನೊಡನೆ ಮುಳುಗಿತು.

ಆ ಬಳಿಕ ಆಂಗ್ಲರು ಬಂದರು. ನೆಪೋಲಿಯನ್ನನು ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದುದರಿಂದ, ಅವನನ್ನು ಬಿಡಿಸುವ ಯತ್ನಕ್ಕೆ ಈ ದ್ವೀಪವು ಆಸರೆಯಾದೀತೆಂಬ ಶಂಕೆಯಿಂದ ೧೮೧೬ರಲ್ಲಿ ಇಲ್ಲಿ ಒಂದು ಪಹರೆಯ ದಂಡನ್ನಿರಿಸಿದರು. ಮರುವರ್ಷ ಅದು ಅನಾವಶ್ಯಕವೆಂದು ತಿಳಿದು ದಂಡನ್ನು ಹಿಂದಕ್ಕೆ ಕರೆಸಿಕೊಂಡರು. ಆಗ ಸ್ಕಾಟ್ಲೆಂಡಿನ ಕೆಲ್ಸೊ ಊರಿನವನೂ ತೋಪಖಾನೆಯ ಕಾರ್ಪೊರಲನೂ ಆದ ವಿಲಿಯಂ ಗ್ಲಾಸ್ ಎಂಬವನು, ತಾನು ಹೆಂಡತಿ ಮಕ್ಕಳೊಡನೆ ಇಲ್ಲಿಯೇ ಇರುವೆನೆಂದು ಅಪ್ಪಣೆ ಬೇಡಿದನು. ಪ್ಲಿಮತ್ ಕಡೆಯ ಇಬ್ಬರು ಕಲ್ಲುಕುಟಿಗರು ಅವನೊಡನೆ ಕೂಡಿಕೊಂಡರು. ಅವನ ಹೆಂಡತಿ ಮರಿಯಾ ಕೇಪ್ ಪ್ರಾಂತದವಳು.

ಈ ಮೂವರು ಗಂಡಸರು ಕೂಡಿ ಮಾಡಿಕೊಂಡುದೇ ಮೇಲೆ ಹೇಳಿದ ಕರಾರು. ಅದರ ತಾತ್ಪರ್ಯವಿಷ್ಟೆ. ದನಕರುಗಳೂ ಸರಕು ಸಾಮಗ್ರಿಗಳೂ ಎಲ್ಲರಿಗೂ ಸಮನಾಗಿ ಸೇರಿದವು. ಬಂದ ಲಾಭದಲ್ಲಿ ಸಮಪಾಲು. ತಗಲಿದ ವೆಚ್ಚದಲ್ಲಿಯೂ ಸಮಪಾಲು. ಇವರಲ್ಲಿ ಯಾವನೂ ತಾನು ಉಳಿದವರಿಗಿಂತ ಮೇಲೆಂದು ನಡೆದುಕೊಳ್ಳತಕ್ಕುದಲ್ಲ. ಆ ಕಾಲದ ಯೂರೋಪಿನಲ್ಲಿ ಸಮಾನತೆಯ ಮಾತು ಬೇಕಾದಷ್ಟಿತ್ತು; ಫ್ರಾನ್ಸಿನಲ್ಲಿ ಅದಕ್ಕಾಗಿ ರಕ್ತವೂ ಹರಿದಿತ್ತು. ಆದರೆ ಸೈನ್ಯದಲ್ಲಿ ಅಪ್ಪಣೆಗಳಿಗೆ ತಲೆಬಾಗಿ ಬದುಕಿದ ಒಬ್ಬನೂ ಕಲ್ಲು ಕಡಿದು ಹೊಟ್ಟೆಹೊರೆದ ಇಬ್ಬರೂ ಯಾವ ತತ್ತ್ವಜ್ಞಾನಿಯ ನೆರವೂ ಇಲ್ಲದೆ ಇದನ್ನು ನಿತ್ಯದ ಬಾಳಿಗೆ ನಿಯಮವಾಗಿ ಬರೆದುಕೊಂಡರೆಂಬುದೇ ವಿಶೇಷ.

ಕಲ್ಲುಕುಟಿಗರಿಬ್ಬರೂ ಬಹುಕಾಲ ಅಲ್ಲಿ ನಿಲ್ಲಲಿಲ್ಲ. ಬೇರೆ ನಾವಿಕರು ಬಂದು ಸೇರಿದರು. ಹಡಗು ಒಡೆದು ದಡ ಸೇರಿದವರಲ್ಲಿ ಕೆಲವರು ಅಲ್ಲಿಯೇ ನಿಂತರು. ಅವರಲ್ಲಿ ಮದುವೆಯಾಗದವರು ಐವರು. ಅವರು ಬಂದ ಹಡಗಿನ ನಾಯಕನೊಬ್ಬನನ್ನು ತಮಗೆ ಹೆಣ್ಣುಗಳನ್ನು ಕರೆತಂದುಕೊಡೆಂದು ಬೇಡಿಕೊಳ್ಳಲು, ೧೮೨೭ರಲ್ಲಿ ಸೇಂಟ್ ಹೆಲೆನಾದಿಂದ ಐವರು ಸ್ತ್ರೀಯರು ಬಂದಿಳಿದರು. ಮುಖವನ್ನೂ ಕಾಣದ ವರರಿಗಾಗಿ ಅಷ್ಟು ದೂರ ಕಡಲು ದಾಟಿದ ಆ ಹೆಂಗಸರ ಧೈರ್ಯವನ್ನು ಚರಿತ್ರಕಾರರು ಸಾಕಷ್ಟು ಗಣಿಸಿಲ್ಲ. ಕರಾರುಪತ್ರದಲ್ಲಿ ಅವರ ಸಹಿಯಿಲ್ಲದಿದ್ದರೂ ಊರನ್ನು ಊರಾಗಿ ಮಾಡಿದವರು ಅವರೇ. ಸ್ಕಾಟರು, ಆಂಗ್ಲರು, ಡಚ್ಚರು, ಅಮೇರಿಕದವರು, ಆಫ್ರಿಕ ಏಷಿಯಾಗಳ ರಕ್ತ ಬೆರೆತ ಸ್ತ್ರೀಯರು, ಕೊನೆಗೆ ೧೮೯೨ರಲ್ಲಿ ಹಡಗೊಡೆದು ಬಂದ ಇಬ್ಬರು ಇಟಾಲಿಯನ್ನರು, ಹೀಗೆ ನಾನಾ ದೇಶದವರ ಸಂತತಿಯು ಅಲ್ಲಿ ಒಂದಾಯಿತು. ಬಹುಕಾಲದವರೆಗೆ ಇಡಿಯ ದ್ವೀಪಕ್ಕೆ ಏಳೇ ಮನೆತನದ ಹೆಸರುಗಳು.

ಅವರ ಬಾಳುವೆಯ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕಡಿದಾದ ಲಾವಾ ಕಲ್ಲುಗಳನ್ನು ಕಟ್ಟಿ, ಒಡೆದ ಹಡಗುಗಳ ತೊಲೆಗಳನ್ನಿಟ್ಟು, ಹುಲ್ಲು ಹೊದಿಸಿದ ತಗ್ಗಾದ ಮನೆಗಳು. ಊರಿಂದ ಎರಡು ಮೂರು ಮೈಲು ದೂರದಲ್ಲಿ ಗಾಳಿಯನ್ನು ತಡೆಯಲು ಕಲ್ಲುಗೋಡೆ ಹಾಕಿದ ಆಲೂಗಡ್ಡೆಯ ಹೊಲಗಳು. ಇವರ ಅನ್ನವೆಂದರೆ ಆಲೂಗಡ್ಡೆಯೇ. ಮರವು ದುರ್ಲಭವಾದುದರಿಂದ ತೆಳುವಾದ ಚೌಕಟ್ಟಿಗೆ ಹಾಯಿಬಟ್ಟೆಯನ್ನು ಬಿಗಿದು ಬಣ್ಣ ಹಚ್ಚಿದ ದೋಣಿಗಳನ್ನು ಅವರು ಮಾಡಿಕೊಂಡರು. ಅವುಗಳಲ್ಲಿ ಸುಮಾರು ೨೫ ಮೈಲು ದೂರದ ನೈಟಿಂಗೇಲ್ ದ್ವೀಪಕ್ಕೆ ಹೋಗಿ ಕಡಲಹಕ್ಕಿಗಳ ತತ್ತಿಯನ್ನೂ ಕೊಬ್ಬನ್ನೂ ಹೊಲಕ್ಕೆ ಗೊಬ್ಬರವನ್ನೂ ತರುತ್ತಿದ್ದರು. ದೋಣಿಯನ್ನು ಒಬ್ಬನೇ ಕಟ್ಟಲಾರ, ಕಟ್ಟಿದರೂ ನಡೆಸಲಾರ. ಆದುದರಿಂದ ಹುಟ್ಟುಹಾಕುವವರೆಲ್ಲರೂ ಅದಕ್ಕೆ ಪಾಲುಗಾರರು. ಮನೆಗೆ ಹುಲ್ಲು ಹೊದಿಸುವ ದಿನ ಊರೆಲ್ಲವೂ ಕೂಡುವುದು. ಮನೆಯವನು ಬಂದವರಿಗೆಲ್ಲ ಊಟವಿಕ್ಕುವನು. ನಮ್ಮ ಒಕ್ಕಲುಮಕ್ಕಳು ಮುಯ್ಯಾಳು ಎಂದು ಕರೆಯುವ ಪದ್ಧತಿಯೇ ಅದು. ಹೀಗೆ ಕೆಲಸದಲ್ಲಿ ಕೂಡಿಕೆ, ಮನೆವಾರ್ತೆಯಲ್ಲಿ ಸ್ವಾತಂತ್ರ್ಯ, ಇವೆರಡೂ ಒಂದರೊಡನೊಂದು ಹೊಂದಿಕೊಂಡಿದ್ದವು. ೧೯೩೭–೩೮ರಲ್ಲಿ ನಾರ್ವೆಯ ವೈಜ್ಞಾನಿಕ ತಂಡದೊಡನೆ ಬಂದ ಸಮಾಜಶಾಸ್ತ್ರಜ್ಞ ಪೀಟರ್ ಮಂಚ್ ಎಂಬವರು, ಒಬ್ಬನ ಮೇಲೊಬ್ಬನು ಅಧಿಕಾರ ನಡೆಸದಿರುವುದೇ ಈ ಸಮಾಜದ ಜೀವಾಳವೆಂದು ಕಂಡುಕೊಂಡರು. ಗ್ಲಾಸನೂ ಅವನ ಬಳಿಕ ಪೀಟರ್ ಗ್ರೀನ್ ಎಂಬ ಡಚ್ಚನೂ ಊರಿಗೆ ಹಿರಿಯರೆನಿಸಿದ್ದರೂ ಅದು ಗೌರವದ ಹಿರಿತನವಾಗಿತ್ತೇ ಹೊರತು ಆಳ್ವಿಕೆಯಾಗಿರಲಿಲ್ಲ.

ಇಷ್ಟರಿಂದ ಇದೊಂದು ಸ್ವರ್ಗವೆಂದು ವಾಚಕರು ಭಾವಿಸಬಾರದು. ೧೮೫೩ರಲ್ಲಿ ಗ್ಲಾಸನು ತೀರಿಕೊಂಡ ತರುವಾಯ ಅವನ ಕುಟುಂಬದವರಲ್ಲಿ ಬಹುಮಂದಿ ಅಮೇರಿಕೆಗೆ ಹೊರಟುಹೋದರು. ೧೮೫೭ರಲ್ಲಿ ೪೫ ಮಂದಿ ಒಂದೇ ಹಡಗಿನಲ್ಲಿ ಕೇಪ್ ಪ್ರಾಂತಕ್ಕೆ ಹೊರಡಲು, ಊರಿನಲ್ಲಿ ಉಳಿದವರು ೨೮ ಮಂದಿ ಮಾತ್ರ. ತಿಮಿಂಗಿಲ ಬೇಟೆಯ ಹಡಗುಗಳೂ ಹಾಯಿಹಡಗುಗಳೂ ನೀರಿಗಾಗಿ ಆಹಾರಕ್ಕಾಗಿ ಬಂದು ನಿಲ್ಲುತ್ತಿದ್ದವರೆಗೆ ಆಲೂಗಡ್ಡೆ, ಮಾಂಸಗಳನ್ನು ಕೊಟ್ಟು ಹಿಟ್ಟು, ಬಟ್ಟೆ, ಮೊಳೆಗಳನ್ನು ಪಡೆಯುವ ಮಾರ್ಗವೊಂದಿತ್ತು. ತಿಮಿಂಗಿಲ ಬೇಟೆ ಕುಗ್ಗಿತು, ಉಗಿಹಡಗುಗಳು ಬಂದವು, ೧೮೬೯ರಲ್ಲಿ ಸುಯೆಜ್ ಕಾಲುವೆಯು ತೆರೆಯಿತು. ಪೂರ್ವದೇಶಗಳಿಗೆ ಹೋಗುವ ಹಡಗುಗಳು ಆ ದಾರಿಯನ್ನೇ ಮರೆತವು. ನಮ್ಮ ದೇಶವನ್ನು ಯೂರೋಪಿಗೆ ಸಮೀಪ ತಂದ ಕಾಲುವೆಯು ಈ ಊರನ್ನು ಲೋಕದಿಂದ ಮತ್ತಷ್ಟು ದೂರ ತಳ್ಳಿತು.

ಮುಂದಿನ ವಿಪತ್ತುಗಳು ಒಂದರ ಬೆನ್ನಿಗೊಂದು ಬಂದವು. ೧೮೮೨ರಲ್ಲಿ ಒಡೆದ ಒಂದು ಹಡಗಿನಿಂದ ಇಲಿಗಳು ದಡ ಸೇರಿ ಧಾನ್ಯದ ಬೆಳೆಯನ್ನು ಅಸಾಧ್ಯವಾಗಿ ಮಾಡಿದವು. ೧೮೮೫ರ ನವೆಂಬರ್ ತಿಂಗಳಲ್ಲಿ ವೆಸ್ಟ್ ರೈಡಿಂಗ್ ಎಂಬ ಹಡಗು ದೂರದಲ್ಲಿ ಕಾಣಿಸಿತು. ಅದರೊಡನೆ ಸರಕು ಬದಲಿಸುವ ಆಸೆಯಿಂದ ೧೫ ಮಂದಿ ಗಂಡಸರು ದೋಣಿಯೇರಿ ಹೊರಟರು. ಒಬ್ಬನೂ ಹಿಂದಿರುಗಲಿಲ್ಲ. ಊರಿನ ದುಡಿಯುವ ಗಂಡಸರಲ್ಲಿ ಹೆಚ್ಚಿನವರೆಲ್ಲ ಒಂದೇ ದಿನ ಹೋದರು. ಅಂದಿನಿಂದ ಅದು ವಿಧವೆಯರ ದ್ವೀಪವೆನಿಸಿತು. ಹಡಗುಗಳು ವಿರಳವಾದುದರಿಂದ ಬಂದ ಒಂದನ್ನು ಬಿಡಲಾರದ ದಾರಿದ್ರ್ಯವೇ ಆ ಹದಿನೈದು ಜನರನ್ನು ಕಡಲಿಗೆ ಕಳುಹಿಸಿತು.

'ಈ ಊರನ್ನು ಬಿಟ್ಟುಬಿಡಿರಿ' ಎಂಬ ಮಾತು ಈ ಕಾಲದಿಂದಲೇ ಪ್ರಬಲವಾಗಿ ಕೇಳಬಂದಿತು. 'ಆಲಿಸ್' ಕಥೆಗಳನ್ನು ಬರೆದ ಲೂಯಿ ಕ್ಯಾರಲರ ತಮ್ಮನಾದ ಎಡ್ವಿನ್ ಡಾಡ್ಜ್‌ಸನ್ ಎಂಬ ಪಾದ್ರಿಯು ೧೮೮೧ರಿಂದ ಕೆಲವು ವರ್ಷ ಅಲ್ಲಿದ್ದನು. ಈ ಜನರಿಗೆ ಇಲ್ಲಿ ಭವಿಷ್ಯವಿಲ್ಲ, ಬೇರೆಡೆಗೆ ಸಾಗಿಸುವುದೇ ಲೇಸೆಂಬುದು ಅವನ ಅಭಿಪ್ರಾಯ. ಕೆಲವು ಕುಟುಂಬಗಳು ಹೋದವು, ಉಳಿದವರು ಉಳಿದರು. ೧೯೦೪ರಲ್ಲಿ ಕೇಪ್ ಪ್ರಾಂತದಲ್ಲಿ ನೆಲೆ ಕೊಡುವೆವೆಂಬ ಮಾತು ಬಂದಾಗಲೂ ಹೆಚ್ಚಿನವರು ಒಪ್ಪಲಿಲ್ಲ. ಮೊದಲನೆಯ ಮಹಾಯುದ್ಧವು ಮುಗಿದ ವಾರ್ತೆಯನ್ನು ಅವರಿಗೆ ಒಂದು ಯುದ್ಧನೌಕೆಯು ೧೯೧೯ರಲ್ಲಿ ಬಂದು ತಿಳಿಸಬೇಕಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಕವೇ ಅಲ್ಲಿಗೆ ಬಂದಿತು. ೧೯೪೨ರಲ್ಲಿ ಆಂಗ್ಲ ನೌಕಾಪಡೆಯು ಹವಾಮಾನದ ಮತ್ತು ನಿಸ್ತಂತು ವಾರ್ತೆಯ ಕೇಂದ್ರವೊಂದನ್ನು ತೆರೆಯಿತು. ಕೂಲಿಗೆ ಹಣ, ಹಣಕ್ಕೆ ಅಂಗಡಿ, ಹೀಗೆ ಹೊಸ ಬಗೆಯ ವ್ಯವಹಾರವು ಆರಂಭವಾಯಿತು. ಆದರೂ ೧೯೪೬ರಲ್ಲಿ ದ್ವೀಪಕ್ಕೆಂದು ಸಿದ್ಧಪಡಿಸಿದ ಒಂದು ಅಂಚೆ ಚೀಟಿಯ ಮಾದರಿಯ ಮೇಲೆ ಒಂದು ಪೆನ್ನಿಯೊಡನೆ 'ನಾಲ್ಕು ಆಲೂಗಡ್ಡೆ' ಎಂಬ ಬೆಲೆಯೂ ಅಚ್ಚಾಗಿದ್ದಿತು! ೧೯೪೯ರಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಕಡಲಸಿಗಡಿಯನ್ನು ಹಿಡಿದು ಡಬ್ಬಿಗಳಲ್ಲಿ ತುಂಬುವ ಕಾರಖಾನೆಯು ಬಂದು, ದುಡಿಮೆಗೆ ಸಂಬಳವು ದೊರೆಯತೊಡಗಿತು. ಸಕ್ಕರೆಯೂ ಬಿಳಿಯ ಹಿಟ್ಟೂ ಬಂದವು. ನಾರ್ವೆಯ ತಂಡವು ಮೆಚ್ಚಿಕೊಂಡಿದ್ದ ಇಲ್ಲಿಯವರ ಗಟ್ಟಿಹಲ್ಲುಗಳು ಅವುಗಳೊಡನೆಯೇ ಕೆಡಲಾರಂಭಿಸಿದವು. ಹೊಸದು ಬಂದಲ್ಲೆಲ್ಲ ಲಾಭವೂ ನಷ್ಟವೂ ಜೊತೆಗೂಡಿಯೇ ಬರುವುದು ರೂಢಿ.

ಹೀಗಿರಲು ೧೯೬೧ರ ಆಗಸ್ಟ್ ತಿಂಗಳಿಂದ ನೆಲವು ನಡುಗತೊಡಗಿತು. ಬಂಡೆಗಳು ಉರುಳಿದವು, ಬಾಗಿಲುಗಳು ಚೌಕಟ್ಟಿನಲ್ಲಿ ಸಿಕ್ಕಿಕೊಂಡವು. ಅಕ್ಟೋಬರ್ ೯ರಂದು ಊರಿನ ಮಗ್ಗುಲಲ್ಲಿಯೇ ಭೂಮಿಯು ಬಿರಿದು ಉಬ್ಬಿತು. ಮರುದಿನ ೨೬೪ ಮಂದಿ ದ್ವೀಪವಾಸಿಗಳು ಮೀನುಗಾರಿಕೆಯ ಹಡಗುಗಳನ್ನೇರಿ ನೈಟಿಂಗೇಲ್ ದ್ವೀಪಕ್ಕೆ ಹೋದರು. ಅಲ್ಲಿಂದ ಒಂದು ಡಚ್ ಹಡಗು ಅವರನ್ನು ಕೇಪ್‌ಟೌನಿಗೆ ಒಯ್ದಿತು. ನವೆಂಬರ್ ೩ರಂದು ಅವರು ಇಂಗ್ಲೆಂಡಿನ ಸೌತಾಂಪ್ಟನ್ ಬಂದರದಲ್ಲಿ ಇಳಿದರು.

ಆಂಗ್ಲ ಜನರು ಅವರನ್ನು ಆದರದಿಂದಲೇ ಕಂಡರು. ಮೊದಲು ಸರ್ರೆ ಪ್ರಾಂತದ ಒಂದು ಶಿಬಿರದಲ್ಲಿಯೂ, ಮುಂದೆ ಕಾಲ್‌ಶಾಟ್ ಎಂಬಲ್ಲಿ ವಿಮಾನದಳದವರು ಬಿಟ್ಟ ಮನೆಗಳಲ್ಲಿಯೂ ವಸತಿಯನ್ನು ಕೊಟ್ಟರು. ವಿದ್ಯುದ್ದೀಪ, ನಲ್ಲಿಯ ನೀರು, ಕಾರಖಾನೆಗಳಲ್ಲಿ ನೌಕರಿ, ಮಕ್ಕಳಿಗೆ ಶಾಲೆ, ಎಲ್ಲವೂ ದೊರೆತವು. ಅವರೊಡನೆ ರೋಗಗಳೂ ದೊರೆತವು. ಹೊರಗಿನ ಸೋಂಕುಗಳಿಗೆ ಒಗ್ಗದ ದೇಹಗಳಾದುದರಿಂದ ಎದೆಯ ಬೇನೆಯು ಹಬ್ಬಿ ಕೆಲವರು ವೃದ್ಧರು ಪರಸ್ಥಳದಲ್ಲಿಯೇ ಕಣ್ಣುಮುಚ್ಚಿದರು. ವೈದ್ಯರು ಬಂದು ಅವರ ದೇಹವನ್ನು ಪರೀಕ್ಷಿಸಿದರು. ಭಾಷಾಪಂಡಿತರು ಬಂದು ಅವರ ಮಾತನ್ನು ಯಂತ್ರದಲ್ಲಿ ಹಿಡಿದಿಟ್ಟುಕೊಂಡರು. ಪತ್ರಿಕೆಯವರು ಅವರ ಉಡಿಗೆ ತೊಡಿಗೆಗಳನ್ನು ಬಣ್ಣಿಸಿದರು. ನಿಮ್ಮ ಇಚ್ಛೆಯೇನೆಂದು ಕೇಳುವವರು ಮಾತ್ರ ಬಹುಕಾಲ ಯಾರೂ ಇರಲಿಲ್ಲ.

ಅಧಿಕಾರಿಗಳ ಎಣಿಕೆಯಲ್ಲಿ ಈ ಪ್ರಶ್ನೆಯು ಮುಗಿದಂತೆಯೇ ಇದ್ದಿತು. ಅಷ್ಟು ದೂರದ ದ್ವೀಪವನ್ನು ಸಾಕುವ ವೆಚ್ಚವೂ ತಪ್ಪಿತು, ಜನರಿಗೆ ನಾಗರಿಕ ಜೀವನವೂ ದೊರೆಯಿತೆಂದು ಅವರು ತಿಳಿದಿದ್ದರು. ಆದರೆ ೧೯೬೨ರ ಆರಂಭದಲ್ಲಿ ರಾಯಲ್ ಸೊಸೈಟಿಯ ವಿಜ್ಞಾನಿಗಳು ದ್ವೀಪಕ್ಕೆ ಹೋಗಿ ನೋಡಿದಾಗ, ಕಾರಖಾನೆಯೂ ದೋಣಿ ಇಳಿಸುವ ದಡಗಳೂ ಲಾವಾದಲ್ಲಿ ಹೂತುಹೋಗಿದ್ದರೂ ಮನೆಗಳೆಲ್ಲವೂ ಬಹುಮಟ್ಟಿಗೆ ಕ್ಷೇಮವಾಗಿ ನಿಂತಿದ್ದುದು ತಿಳಿದುಬಂದಿತು. ಆ ವಾರ್ತೆಯನ್ನು ಕೇಳಿದಂದಿನಿಂದ ದ್ವೀಪದವರಿಗೆ ಒಂದೇ ಹಂಬಲ. ಸರಕಾರವು ಕೊನೆಗೆ ಮತವನ್ನು ಕೇಳಿತು. ೧೯೬೨ರ ಡಿಸೆಂಬರಿನಲ್ಲಿ ಪ್ರೌಢರೆಲ್ಲರೂ ಮತವನ್ನಿತ್ತರು. ಹಿಂದಿರುಗಬೇಕೆಂದವರು ೧೪೮; ಬೇಡವೆಂದವರು ೫. ೧೯೬೩ರ ನವೆಂಬರಿನೊಳಗೆ ಅವರಲ್ಲಿ ಬಹುತೇಕ ಎಲ್ಲರೂ ತಮ್ಮ ಊರಿನಲ್ಲಿದ್ದರು.

ಇದನ್ನು ಕಂಡು ಕೆಲವರು ಬೆರಗಾದರು. ನಾಗರಿಕತೆಯನ್ನೇ ತಿರಸ್ಕರಿಸಿದರೆಂದು ಕೆಲವರು ಹೊಗಳಿದರು, ಕೆಲವರು ಹಳಿದರು. ಎರಡೂ ಸರಿಯಲ್ಲವೆಂದು ತೋರುತ್ತದೆ. ಅವರು ಶಾಲೆಯನ್ನೂ ಆಸ್ಪತ್ರೆಯನ್ನೂ ಕಾರಖಾನೆಯ ಸಂಬಳವನ್ನೂ ಬೇಡವೆನ್ನಲಿಲ್ಲ. ಹಿಂದಿರುಗಿದ ಮೇಲೆ ಹೊಸ ಬಂದರವೂ ಹೊಸ ಕಾರಖಾನೆಯೂ ಕಟ್ಟಲ್ಪಟ್ಟವು. ಇಂಗ್ಲೆಂಡಿನ ಸುಖವನ್ನು ಮರೆಯಲಾರದೆ ಕೆಲವು ಕುಟುಂಬಗಳು ೧೯೬೬ರ ಸುಮಾರಿಗೆ ಮತ್ತೆ ಅತ್ತ ಹೋದದ್ದೂ, ಅವರಲ್ಲಿ ಕೆಲವರು ಮತ್ತೆ ಇತ್ತ ಬಂದದ್ದೂ ಉಂಟು. ಅವರು ಬೇಡವೆಂದುದು ಒಂದನ್ನೇ: ಬೆಳಗಾದೊಡನೆ ಇನ್ನೊಬ್ಬನ ಗಂಟೆಗೆ ಎದ್ದು, ಇನ್ನೊಬ್ಬನ ಅಪ್ಪಣೆಯಂತೆ ದುಡಿದು, ಸಂಜೆಗೆ ಬಾಡಿಗೆಯ ಮನೆಗೆ ಮರಳುವ ಬಾಳನ್ನು. ಕಾರಖಾನೆಯು ತಮ್ಮ ಊರಿನಲ್ಲಿದ್ದಾಗಲೂ, ನೈಟಿಂಗೇಲಿಗೆ ದೋಣಿ ಹೊರಡುವ ದಿನ ಬಂದರೆ ಅವರು ಅದನ್ನೇ ಮುಂದಾಗಿ ಎಣಿಸುತ್ತಿದ್ದರೆಂದು ಮಂಚರು ಬರೆದಿರುವರು.

ಬರಿಯ ಊರಿನ ಮೋಹವೇ ಇದಕ್ಕೆ ಕಾರಣವೆನ್ನುವಂತೆಯೂ ಇಲ್ಲ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಸೇಂಟ್ ಕಿಲ್ಡಾ ದ್ವೀಪದವರಿಗೂ ತಮ್ಮ ಊರಿನ ಮೇಲೆ ಮೋಹವಿದ್ದಿತು. ಅವರೂ ಕಡಲಹಕ್ಕಿಗಳನ್ನೇ ನಂಬಿ ಬಾಳಿದವರು. ದಿನವೂ ಬೆಳಿಗ್ಗೆ ಗಂಡಸರೆಲ್ಲರೂ ಬೀದಿಯಲ್ಲಿ ಕೂಡಿ ಆ ದಿನದ ಕೆಲಸವನ್ನು ನಿಶ್ಚಯಿಸುತ್ತಿದ್ದವರು. ಆದರೂ ೧೯೩೦ರಲ್ಲಿ ಅವರೇ ಸರಕಾರಕ್ಕೆ ಬಿನ್ನವತ್ತಳೆ ಕಳುಹಿಸಿ, ಆಗಸ್ಟ್ ೨೯ರಂದು ಉಳಿದಿದ್ದ ೩೬ ಮಂದಿಯೂ ದ್ವೀಪವನ್ನು ಬಿಟ್ಟುಹೋದರು. ಇವೆರಡಕ್ಕೂ ಇರುವ ಭೇದವನ್ನು ವಿಚಾರಿಸಿದರೆ ಮೂರು ಅಂಶಗಳು ಕಾಣುವುವು. ಸೇಂಟ್ ಕಿಲ್ಡಾದ ನೆಲಕ್ಕೆ ಒಬ್ಬ ಒಡೆಯನಿದ್ದನು; ತಲೆತಲಾಂತರದಿಂದ ಹಕ್ಕಿಯ ಗರಿಗಳನ್ನೂ ಎಣ್ಣೆಯನ್ನೂ ಅವನಿಗೆ ಗೇಣಿಯಾಗಿ ತೆರಬೇಕಾಗಿತ್ತು. ಟ್ರಿಸ್ಟನ್ನಿನ ನೆಲವು ಊರಿಗೆಲ್ಲ ಸೇರಿದ್ದಿತು. ಸೇಂಟ್ ಕಿಲ್ಡಾದ ತರುಣರು ಹೊರಟುಹೋಗಿ, ದೋಣಿ ನಡೆಸಲು ತೋಳುಗಳೇ ಸಾಲದಾಗಿದ್ದವು. ಟ್ರಿಸ್ಟನ್ನಿನಲ್ಲಿ ಇನ್ನೂ ಮನೆ ತುಂಬ ಮಕ್ಕಳಿದ್ದರು. ಕೊನೆಯದಾಗಿ, ಸೇಂಟ್ ಕಿಲ್ಡಾದ ಗರಿ, ಎಣ್ಣೆಗಳು ಹೊರಗಿನವರಿಗೆ ಬೇಡವಾಗಿದ್ದವು. ಟ್ರಿಸ್ಟನ್ನಿನ ಕಡಲಸಿಗಡಿಯನ್ನು ಕೊಳ್ಳುವವರಿದ್ದರು. ಒಡೆಯನಿಲ್ಲದ ನೆಲ, ಸಾಕಷ್ಟು ತೋಳುಗಳು, ಲೋಕಕ್ಕೆ ಬೇಕಾದುದೊಂದು ಸರಕು, ಈ ಮೂರೂ ಕೂಡಿದಲ್ಲಿ ಮಾತ್ರ ಮೋಹಕ್ಕೆ ಬಲವುಂಟಾಗುವುದು. ಇಲ್ಲವಾದರೆ ಅದು ಕಣ್ಣೀರಿನಲ್ಲಿ ಕೊನೆಗೊಳ್ಳುವುದು.

ಆದುದರಿಂದ ಟ್ರಿಸ್ಟನ್ನಿನ ಭವಿಷ್ಯವು ನಿಶ್ಚಿಂತವಾದುದೆಂದು ಹೇಳಲಾಗದು. ಇಂದು ಊರಿನ ಜನಸಂಖ್ಯೆಯು ೨೫೦ನ್ನು ಮುಟ್ಟುವುದಿಲ್ಲ; ಮುದುಕರು ಹೆಚ್ಚು, ಮಕ್ಕಳು ಕಡಿಮೆ. ಕೆಲವೇ ಮೂಲಪುರುಷರ ಸಂತತಿಯಾದುದರಿಂದ ಅವರಿಂದ ಬಂದ ಉಬ್ಬಸವು ಸುಮಾರು ಅರ್ಧದಷ್ಟು ಜನರಲ್ಲಿ ಕಾಣುವುದೆಂದು ವೈದ್ಯರು ತೋರಿಸಿರುವರು. ವಿಮಾನ ನಿಲ್ದಾಣವಿಲ್ಲ, ಕೇಪ್‌ಟೌನಿನಿಂದ ವರ್ಷಕ್ಕೆ ಕೆಲವೇ ಸಲ ಹಡಗು ಬರುವುದು, ಬಂದರೂ ಕಡಲು ಶಾಂತವಾಗಿದ್ದರೆ ಮಾತ್ರ ಇಳಿಯುವುದು ಸಾಧ್ಯ. ೨೦೧೧ರಲ್ಲಿ ಒಲಿವಾ ಎಂಬ ಹಡಗು ನೈಟಿಂಗೇಲಿನ ಬಳಿ ಒಡೆದು, ಎಣ್ಣೆ ಚೆಲ್ಲಿ, ಸಾವಿರಾರು ಪೆಂಗ್ವಿನ್ ಹಕ್ಕಿಗಳನ್ನು ಬಾಧಿಸಿತು. ಅವುಗಳನ್ನು ಉಳಿಸಲು ಊರಿನವರು ಹಗಲಿರುಳು ದುಡಿದರು. ೨೦೨೦ರಲ್ಲಿ ತಮ್ಮ ಸುತ್ತಲಿನ ೬,೮೭,೦೦೦ ಚದರ ಕಿಲೋಮೀಟರ್ ಸಮುದ್ರವನ್ನು ರಕ್ಷಿತ ಪ್ರದೇಶವೆಂದು ಸಾರಿದರು. ಇಷ್ಟು ಕಿರಿದಾದ ಊರು ಇಷ್ಟು ಹಿರಿದಾದ ಕಡಲಿಗೆ ಕಾವಲಾದುದು ಸಾಮಾನ್ಯವಲ್ಲ.

ಬಡವರ ಊರೊಂದನ್ನು ನೋಡಲು ಹೋದವರು ಅಲ್ಲಿ ಏನೇನು ಇಲ್ಲವೆಂಬ ಪಟ್ಟಿಯನ್ನು ಬೇಗನೆ ಸಿದ್ಧಪಡಿಸುವರು. ಪಾದ್ರಿ ಡಾಡ್ಜ್‌ಸನ್ನನೂ ಕೇಪ್ ಪ್ರಾಂತದವರೂ ಲಂಡನ್ನಿನ ಅಧಿಕಾರಿಗಳೂ ಅಂಥ ಪಟ್ಟಿಯನ್ನೇ ಮಾಡಿದ್ದರು. ಅದರಲ್ಲಿ ಸುಳ್ಳಿರಲಿಲ್ಲ, ಸದುದ್ದೇಶದ ಕೊರತೆಯೂ ಇರಲಿಲ್ಲ. ಆದರೆ ಊರೊಳಗಿದ್ದವರ ಪಟ್ಟಿಯೇ ಬೇರೆಯಾಗಿದ್ದಿತು. ತನ್ನ ದಿನದ ಕೆಲಸಕ್ಕೆ ತಾನೇ ಯಜಮಾನನಾಗಿರುವುದು ಅದರಲ್ಲಿ ಮೊದಲನೆಯದು. ಅದನ್ನು ಅಳೆಯುವ ಅಂಕಣವು ಅಧಿಕಾರಿಗಳ ಕಾಗದದಲ್ಲಿ ಇರಲೇ ಇಲ್ಲ. ಜನರನ್ನು ಅವರ ಹಿತಕ್ಕಾಗಿಯೇ ಊರಿಂದೆಬ್ಬಿಸುವ ಪ್ರಸಂಗವು ಎಲ್ಲಿ ಬಂದರೂ, ಎರಡೂ ಪಟ್ಟಿಗಳನ್ನು ಎದುರುಬದುರಾಗಿಟ್ಟು ಓದಿದ ಮೇಲೆಯೇ ತೀರ್ಮಾನಕ್ಕೆ ಬರತಕ್ಕುದು. ಇಂದಿಗೂ ಆ ದ್ವೀಪದಲ್ಲಿ ಹೊರಗಿನವರು ಒಂದು ಗೇಣು ನೆಲವನ್ನೂ ಕೊಳ್ಳುವಂತಿಲ್ಲ. ಯಾವ ಮನೆಯವರೂ ನಿಯಮ ಮೀರಿ ಹೆಚ್ಚು ದನಕುರಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಪ್ರತಿಯೊಂದು ಕುಟುಂಬವೂ ತನ್ನ ಆಲೂಗಡ್ಡೆಯ ಹೊಲವನ್ನು ತಾನೇ ಅಗೆಯುವುದು. ಇನ್ನೂರು ವರ್ಷಗಳ ಹಿಂದೆ ಮೂವರು ಸಹಿ ಮಾಡಿದ ಕರಾರು ಕಾಗದದ ಮೇಲೆ ಮಸುಕಾಗಿರಬಹುದು. ಆ ಹೊಲಗಳಲ್ಲಿ ಮಾತ್ರ ಅದು ಇನ್ನೂ ಜಾರಿಯಲ್ಲಿದೆ.